ಬೋರಲು ಬಿಂದಿಗೆಯ ತೊಟ್ಟಿಲು

ಮದುವೆಯಾಗಿ ಬಂದ ಎಂಟನೆಯ ದಿನ ನಮ್ಮ ಅತ್ತೆ ನನ್ನ ಕೈಗೆ ಹಗ್ಗ ಕೊಟ್ಟರು. ದನ ಕಟ್ಟುವ ಹಗ್ಗವಲ್ಲ, ಕಟ್ಟಿಗೆ ತಿರುಗಿಸುವ ಹಗ್ಗ. ನನ್ನ ತವರಿನವರು ಹರಿಹರ ತಾಲ್ಲೂಕಿನಲ್ಲಿ ಭತ್ತ ಬೆಳೆಯುವ ಜನ. ನಾಟಿ ಹಚ್ಚುವುದು ಗೊತ್ತಿತ್ತು, ಕಳೆ ಕೀಳುವುದು ಗೊತ್ತಿತ್ತು, ಕಟ್ಟಿಗೆಯನ್ನು ಒಲೆಗೆ ಇಡುವುದು ಗೊತ್ತಿತ್ತು. ಅದೇ ಕಟ್ಟಿಗೆಯನ್ನು ತಿರುಗಿಸಿ ದುಂಡಗೆ ಮಾಡಿ ಅನ್ನ ತಿನ್ನಬಹುದು ಎಂದು ಗೊತ್ತಿರಲಿಲ್ಲ.

ದಾವಣಗೆರೆಯಲ್ಲಿ ಬಟ್ಟೆ ಮಿಲ್ಲುಗಳು ನಡೆಯುತ್ತಿದ್ದಾಗ ನಮ್ಮ ಮಾವ ನೂಲು ಸುತ್ತುವ ಮರದ ಬಾಬಿನ್ ಕಡೆದು ಕೊಡುತ್ತಿದ್ದರಂತೆ. ಮಿಲ್ಲು ನಿಂತವು, ಬಾಬಿನ್ ಯಾರಿಗೂ ಬೇಡವಾಯಿತು. ಮಾವ ಲಟ್ಟಣಿಗೆಗೆ ಇಳಿದರು. ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ಮಕ್ಕಳ ಗಿಲಕಿ, ಬುಗುರಿ. ನಾನು ಬರುವ ಹೊತ್ತಿಗೆ ಆ ಕೆಲಸ ನಮ್ಮ ಯಜಮಾನರ ಕೈಗೆ ಬಂದಿತ್ತು.

ಆಗ ಮೋಟಾರು ಇರಲಿಲ್ಲ. ನೆಲಕ್ಕೆ ಹೂತ ಎರಡು ಗೂಟ, ಗೂಟಕ್ಕೊಂದು ಕಬ್ಬಿಣದ ಮೊನೆ, ಎರಡು ಮೊನೆಗಳ ನಡುವೆ ಕಟ್ಟಿಗೆ ಸಿಕ್ಕಿಸುವುದು. ಕಟ್ಟಿಗೆಗೆ ಹಗ್ಗವನ್ನು ಎರಡು ಸುತ್ತು ಸುತ್ತಿ, ಎರಡೂ ತುದಿ ಹಿಡಿದುಕೊಂಡು ನಾನು ಈ ಕಡೆ ಕೂರಬೇಕು. ಆ ಕಡೆ ಅವರು ಉಳಿ ಹಿಡಿದು ಕೂರುತ್ತಿದ್ದರು. ಎಡಗೈ ಎಳೆದರೆ ಕಟ್ಟಿಗೆ ಅವರತ್ತ ತಿರುಗುತ್ತದೆ, ಆಗ ಉಳಿ ಕಚ್ಚಬೇಕು. ಬಲಗೈ ಎಳೆದರೆ ನನ್ನತ್ತ ತಿರುಗುತ್ತದೆ, ಆಗ ಉಳಿ ಎತ್ತಬೇಕು. ನನ್ನ ಎಳೆತ ತಪ್ಪಿದರೆ ಅವರ ಉಳಿ ತಪ್ಪುತ್ತದೆ. ಉಳಿ ತಪ್ಪಿದರೆ ಬೈಗುಳ ನನಗೆ. ಹೀಗೆ ದಿನಕ್ಕೆ ಎಷ್ಟು ಸಲ ಎಳೆದೆನೋ ನಾನು ಎಣಿಸಿಲ್ಲ. ಬೆನ್ನು ಎಣಿಸಿದೆ.

ಮುಂದೆ ಮೋಟಾರು ಬಂತು, ಕಬ್ಬಿಣದ ಲೇತ್ ಬಂತು. ಹಗ್ಗ ಹೋಯಿತು. ಆದರೆ ನನ್ನ ಜಾಗ ಹೋಗಲಿಲ್ಲ. ಅವರು ಆ ಕಡೆಯಿಂದ ಕಡೆಯುವುದು, ನಾನು ಈ ಕಡೆಯಿಂದ ಉಪ್ಪುಕಾಗದ ಹಿಡಿದು ನುಣುಪು ಮಾಡುವುದು, ಆಮೇಲೆ ತಿರುಗುವ ಕಟ್ಟಿಗೆಗೇ ಅರಗು ಒತ್ತಿ ಹೊಳಪು ಕೊಡುವುದು. ಒಟ್ಟು ಮೂವತ್ತು ಚಿಲ್ಲರೆ ವರ್ಷ ಅವರ ಎದುರಿಗೆ ಕೂತಿದ್ದೇನೆ. ಬಡಾವಣೆಗಳ ಜನ ಹೂದಾನಿ ಕೇಳತೊಡಗಿದರು, ದೀಪದ ಕಂಬ ಕೇಳಿದರು, ಹಣ್ಣು ಇಡುವ ಮರದ ಬಟ್ಟಲು ಕೇಳಿದರು. ಅದರಲ್ಲಿ ಹಣ್ಣು ಇಡುತ್ತಾರೋ ಸುಮ್ಮನೆ ಟಿವಿ ಪಕ್ಕ ಇಡುತ್ತಾರೋ, ನನಗೆ ಬೇಕಿಲ್ಲ. ನೋಡಲು ಚೆನ್ನಾಗಿದ್ದವು. ನಾವು ಮಾಡಿದ್ದನ್ನು ನಾವೇ ಚೆನ್ನಾಗಿದೆ ಅನ್ನಬಾರದು ಅಂತಾರೆ. ಚೆನ್ನಾಗಿದ್ದರೆ ಮತ್ತೇನು ಅನ್ನಬೇಕು?

ಐದಾರು ವರ್ಷದ ಕೆಳಗೆ ಹರಿಹರದ ಬಡಿಗೇರ ಒಂದು ತೊಟ್ಟಿಲಿಗೆ ನಾಲ್ಕು ಕಂಬ ಕಡೆಯಲು ಕೊಟ್ಟ. ಅವನು ನಮಗೆ ಹಳಬ. ಹಲಗೆ, ಚೌಕಟ್ಟು, ಜೋಡಣೆ ಎಲ್ಲ ಅವನದು. ದುಂಡು ಕೆಲಸ ಮಾತ್ರ ನಮಗೆ ಕಳಿಸುತ್ತಿದ್ದ. ತೊಟ್ಟಿಲು ಮಾಡಿಸುತ್ತಿದ್ದವರು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಮನೆಯವರು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾಣಂತಿತನ ಮುಗಿಸಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೋಗುವಾಗ ತವರಿನವರು ತೊಟ್ಟಿಲು ಕೊಟ್ಟು ಕಳಿಸುವುದು ನಮ್ಮ ಕಡೆ ಪದ್ಧತಿ. ಆ ತೊಟ್ಟಿಲನ್ನು ಬೀಗರ ಓಣಿಯವರೆಲ್ಲ ಬಂದು ಮುಟ್ಟಿ ನೋಡುತ್ತಾರೆ. ಕೂಸನ್ನು ಆಮೇಲೆ ನೋಡುತ್ತಾರೆ.

ಕಂಬದ ಮಾದರಿ ನಮ್ಮ ಮಾವನ ಕಾಲದ್ದು. ಬುಡದಲ್ಲಿ ಒಂದು ಗೇಣು ಚೌಕವಾಗಿಯೇ ಬಿಡಬೇಕು. ಅಡ್ಡಪಟ್ಟಿ ಕೂಡಿಸಲು ಬಡಿಗೇರ ಅಲ್ಲಿ ಮೊದಲೇ ತೂತು ಹಾಕಿ ಕೊಟ್ಟಿರುತ್ತಾನೆ. ಚೌಕದ ಮೇಲೆ ಒಂದು ಬಿಂದಿಗೆ, ಬಿಂದಿಗೆಯ ಬಾಯಿಯ ಮೇಲೆ ಎರಡು ಬಳೆ, ಸಣ್ಣ ಕತ್ತು, ತುದಿಗೆ ಮೊಗ್ಗು. ಬಿಂದಿಗೆ ಅಂದರೆ ನಿಜವಾದ ಬಿಂದಿಗೆಯಲ್ಲ, ಕಟ್ಟಿಗೆಯಲ್ಲೇ ಕಡೆದ ಆಕಾರ. ತುಂಬಿದ ಬಿಂದಿಗೆ ಕೂಸಿನ ಹತ್ತಿರ ಇರಲಿ ಎಂದು ಹಳಬರು ಮಾಡಿದ್ದು.

ಮೂರು ಕಂಬ ಮುಗಿದಿದ್ದವು. ನಾಲ್ಕನೆಯದನ್ನು ಇನ್ನೂ ಲೇತಿಗೆ ಏರಿಸಿರಲಿಲ್ಲ. ನಡುವೆ ಯಾರದೋ ಲಟ್ಟಣಿಗೆ ಕಡೆಯುತ್ತಿದ್ದರು. ಬೆಳಗಿನ ಹೊತ್ತು. ಅವರ ಕೈಯಿಂದ ಉಳಿ ಜಾರಿ ಬಿತ್ತು. ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ, ಖಾಲಿ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದರು. ನಾನು ಬೈಯಲು ಬಾಯಿ ತೆರೆದವಳು ಅವರ ಬಾಯಿ ನೋಡಿದೆ, ಒಂದು ಕಡೆಗೆ ಹೋಗಿತ್ತು. ಲಕ್ವಾ ಹೊಡೆದಿತ್ತು.

ಆಸ್ಪತ್ರೆಯ ಮಾತು ಬೇಡ. ಬದುಕಿದರು, ಮನೆಗೆ ಬಂದರು. ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಮಾತು ಬೇರೆಯವರಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ಬೇಡವಾದ ಮಾತೂ ತಿಳಿಯುತ್ತಿತ್ತು.

ನನ್ನ ಮೈದುನ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾನೆ. ಒಳ್ಳೆಯವನು. ಆಸ್ಪತ್ರೆಯಲ್ಲಿ ಅಣ್ಣನ ಕಾಲ ಹತ್ತಿರ ಕೂತವನು ಎದ್ದಿರಲಿಲ್ಲ. ಒಂದು ದಿನ ಬಂದು ಲೇತಿನ ಮೇಲೆ ಕೈಯಾಡಿಸಿದ. ಕೈಗೆ ಹತ್ತಿದ ಧೂಳನ್ನು ನನಗೆ ತೋರಿಸಿದ.

"ಅತ್ತಿಗೆ, ಸುಮ್ನೆ ನಿಂತು ತುಕ್ಕು ಹಿಡೀತೈತೆ ಇದು. ಮಲೆಬೆನ್ನೂರಾಗೆ ಫರ್ನಿಚರ್ ಅಂಗಡಿಯವ್ರೊಬ್ರು ಬೇಕು ಅಂತಾರೆ. ಮುಂದಿನ ವಾರ ಬಿಟ್ಟು ಅದರ ಮುಂದಿನ ಸೋಮವಾರ ಗಾಡಿ ತಗಂಡು ಬರ್ತಾರೆ. ನೀವಿಬ್ರೂ ನಮ್ಮನೆಗೆ ಬಂದ್ಬಿಡ್ರಿ."

"ಕೊಡ್ತೀವಂತ ಯಾರು ಹೇಳಿದ್ರು?"

"ಕೊಡದೆ ಏನ್ ಮಾಡ್ತೀರಿ? ಯಾರು ಕಡೀತಾರೆ ಇನ್ಮ್ಯಾಲೆ? ಅಣ್ಣನ ಕೈ ನೋಡೀರಲ್ಲ."

"ನನ್ನ ಕೈಗೇನಾಗೈತೆ?"

ಅವನು ನಕ್ಕ. ಕೆಟ್ಟ ನಗೆಯಲ್ಲ. ಸಣ್ಣ ಮಗು ಬಸ್ ಓಡಿಸ್ತೀನಿ ಅಂದರೆ ನಗುವ ಹಾಗೆ ನಕ್ಕ. ನನಗೆ ಸಿಟ್ಟು ಬಂತು. ಅವನ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಅವನ ಹೆಂಡತಿ ಬಡಿಸುವವಳೇ, ಮುಖ ಗಂಟಿಕ್ಕುವವಳಲ್ಲ. ಆದರೆ ತಟ್ಟೆ ಮುಂದೆ ಕೂತು ಇನ್ನೊಬ್ಬರ ಕೈ ನೋಡುವ ಬಾಳು ನನಗೆ ಬೇಡವಾಗಿತ್ತು. ಲೇತ್ ಹೋದರೆ ನಮ್ಮ ಯಜಮಾನರು ಮಂಚ ಬಿಟ್ಟು ಏಳುವುದಿಲ್ಲ, ಅದೂ ಗೊತ್ತಿತ್ತು.

"ನಾಲ್ಕನೇ ಕಂಬ ನಾ ಕಡೀತೀನಿ," ಅಂದೆ. "ಆ ತೊಟ್ಟಿಲು ಆ ಮನೆಯವರು ಒಪ್ಪಿ ತಗಂಡ್ರೆ?"

"ಒಪ್ಪಿ ತಗಂಡ್ರೆ ನಾ ಬಾಯಿ ಮುಚ್ಕಂಡು ಕೂಡ್ತೀನಿ, ಬಿಡ್ರಿ. ಒಪ್ಪದಿದ್ರೆ?"

"ಒಪ್ಪದಿದ್ರೆ ನಾನೇ ಲೇತಿನ ನಟ್ಟು ಬಿಚ್ಚಿ ಕೊಡ್ತೀನಿ."

ಒಳಗಿನ ಕೋಣೆಯಿಂದ ನಮ್ಮ ಯಜಮಾನರು ಏನೋ ಅಂದರು. "ಅಣ್ಣ ಏನಂದ?" ಎಂದು ಮೈದುನ ಕೇಳಿದ. "ಉಳಿ ಸಾಣೆ ಹಿಡಿ ಅಂದ್ರು," ಅಂದೆ. ಅವರು ಅಂದದ್ದು ಅದನ್ನಲ್ಲ. ಇವಳಿಗೆ ಹುಚ್ಚು ಅಂದಿದ್ದರು.

ಒಂಬತ್ತು ದಿನ ಒಲೆಗೆ ತಂದಿದ್ದ ಬೇವಿನ ಕಟ್ಟಿಗೆಯ ಮೇಲೆ ಕೈ ಪಳಗಿಸಿದೆ. ನೋಡಿದ್ದು ಬೇರೆ, ಹಿಡಿದದ್ದು ಬೇರೆ. ಉಳಿಯನ್ನು ಒಂದು ಎಳೆ ಹೆಚ್ಚು ಒತ್ತಿದರೆ ಅದು ಕಟ್ಟಿಗೆಗೆ ಸಿಕ್ಕಿ ಎಗರುತ್ತದೆ. ಮೊದಲ ದಿನವೇ ಗದ್ದಕ್ಕೆ ಹೊಡೆಯಿತು. ಎರಡನೆಯ ದಿನ ಕಟ್ಟಿಗೆಯೇ ಹಾರಿ ಹೋಗಿ ಗೋಡೆಗೆ ಬಡಿಯಿತು. ಲೇತ್ ಇರುವುದು ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ, ಅವರ ಮಂಚ ಒಳಗಿನ ಕೋಣೆಯಲ್ಲಿ. ನನ್ನ ಕೈ ಅವರಿಗೆ ಕಾಣುವುದಿಲ್ಲ. ಕಿವಿಯಲ್ಲೇ ನೋಡುತ್ತಿದ್ದರು. ಉಳಿ ಮೊಂಡಾದರೆ ಅವರಿಗೆ ನನಗಿಂತ ಮೊದಲು ತಿಳಿಯುತ್ತಿತ್ತು.

"ಸಾಣೆ!" ಎಂದು ಒಳಗಿಂದ ಕೂಗುವುದು. ಆ ಒಂದು ಮಾತು ಮಾತ್ರ ಓಣಿಯವರಿಗೂ ತಿಳಿಯುವಷ್ಟು ಸ್ಪಷ್ಟವಾಗಿ ಬರುತ್ತಿತ್ತು.

"ಹಿಡೀತೀನಿ ಮಾರಾಯ್ರೆ!"

"ಒತ್... ಒತ್ಬ್ಯಾಡ!"

"ನಾ ಒತ್ತಿಲ್ಲ!"

"ಒತ್ತೀದಿ!"

ಒತ್ತಿರುತ್ತಿದ್ದೆ.

ನಾಲ್ಕು ದಿನಕ್ಕೆ ಕಟ್ಟಿಗೆ ಸಿಪ್ಪೆ ಪುಡಿಪುಡಿಯಾಗಿ ಬೀಳುವುದು ನಿಂತು ಉದ್ದ ರಿಬ್ಬನ್ನಿನ ಹಾಗೆ ಬರತೊಡಗಿತು. ಏಳನೆಯ ದಿನ ಒಂದು ಲಟ್ಟಣಿಗೆ ಕಡೆದು ಅವರ ಎಡಗೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು, ಹೊಟ್ಟೆಯ ಮೇಲೆ ಉರುಳಿಸಿಕೊಂಡರು. "ನಡುವೆ ದಪ್ಪ," ಅಂದರು. ನಡುವೆ ದಪ್ಪವೇ ಇತ್ತು. ಆ ಲಟ್ಟಣಿಗೆಯಲ್ಲಿ ಈಗಲೂ ನಮ್ಮ ಮನೆಯ ಚಪಾತಿ ನಡೆಯುತ್ತದೆ.

ಶುಕ್ರವಾರ ತೊಟ್ಟಿಲಿನ ಕಂಬ ಏರಿಸಿದೆ. ಸಾಗವಾನಿ. ಇರುವುದು ಅದೊಂದೇ ತುಂಡು, ಕೆಟ್ಟರೆ ಇನ್ನೊಂದಿಲ್ಲ. ಅವರು ಏರಿಸುತ್ತಿದ್ದ ಹಾಗೆಯೇ ಚೌಕದ ತುದಿಯನ್ನು ಮೋಟಾರಿನ ಕಡೆ, ಅಂದರೆ ಎಡಕ್ಕೆ ಹಾಕಿದೆ. ಮುಗಿದ ಮೂರು ಕಂಬ ಪಕ್ಕದಲ್ಲೇ ಗೋಣಿಚೀಲ ಹೊದ್ದು ಮಲಗಿದ್ದವು. ಒಂದನ್ನು ಎಳೆದು ದಪ್ಪ ಎಷ್ಟು ಎಂದು ಅಳತೆ ತೆಗೆದುಕೊಂಡೆ, ಮತ್ತೆ ಚೀಲದೊಳಕ್ಕೆ ತಳ್ಳಿದೆ. ಮಾದರಿ ನೋಡಲಿಲ್ಲ. ಸಾವಿರ ಸಲ ನೋಡಿದ್ದೇನೆ, ಇನ್ನೇನು ನೋಡುವುದು ಎಂಬ ಧಿಮಾಕು.

ಕೆಲಸ ಕೈಗೆ ಬಂತು. ಎಲ್ಲೂ ಉಳಿ ಎಗರಲಿಲ್ಲ. ಒಳಗಿಂದ ಒಂದು ಸಲವೂ ಸಾಣೆ ಎಂಬ ಕೂಗು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಗ್ಗು, ಕತ್ತು, ಬಳೆ, ಬಿಂದಿಗೆ ಎಲ್ಲ ಎದ್ದು ನಿಂತವು. ಉಪ್ಪುಕಾಗದ ಹಿಡಿದೆ, ಅರಗು ಒತ್ತಿದೆ. ಹೊಳೆಯಿತು. "ಸದ್ದು ಸರಿ ಐತೆ," ಎಂದು ಒಳಗಿಂದ ಬಂತು. ಅವರ ಬಾಯಿಂದ ಅಂಥ ಮಾತು ಬರುವುದು ಅಪರೂಪ.

ಕಂಬ ಇಳಿಸಿ, ಚೀಲ ತೆಗೆದು, ಆ ಮೂರರ ಪಕ್ಕ ಗೋಡೆಗೆ ಒರಗಿಸಿ ನಿಲ್ಲಿಸಿದೆ.

ಮೂರರಲ್ಲಿ ಬಿಂದಿಗೆ ಕೆಳಗೆ, ಮೊಗ್ಗು ಮೇಲೆ. ನನ್ನದರಲ್ಲಿ ಚೌಕಕ್ಕೆ ತಾಗಿ ಮೊಗ್ಗು ತಲೆಕೆಳಗಾಗಿ ನಿಂತಿದೆ, ತುದಿಯಲ್ಲಿ ಬಿಂದಿಗೆ ಬೋರಲು ಬಿದ್ದಿದೆ.

ಮೊದಲು ಕಂಬವನ್ನೇ ಉಲ್ಟಾ ನಿಲ್ಲಿಸಿದ್ದೇನೆ ಅಂದುಕೊಂಡೆ. ತಿರುಗಿಸಿ ನಿಲ್ಲಿಸಿದೆ. ಆಗ ಬಿಂದಿಗೆ ನೆಟ್ಟಗಾಯಿತು, ಆದರೆ ಬುಡದಲ್ಲಿರಬೇಕಾದ ಚೌಕ ಮೇಲೆ ಹೋಯಿತು. ಅಡ್ಡಪಟ್ಟಿಯ ತೂತುಗಳು ಅಲ್ಲಿವೆ. ಕೂಸನ್ನು ತೊಟ್ಟಿಲಿನ ಮಾಳಿಗೆಯ ಮೇಲೆ ಮಲಗಿಸಲು ಆಗುತ್ತದೆಯೇ?

ನೆಲದ ಮೇಲೆ ಕೂತು ಯೋಚಿಸಿದೆ. ಹೇಗಾಯಿತು ಎಂದು ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಅವರ ಎಡ ನನಗೆ ಬಲ. ಅಷ್ಟೂ ವರ್ಷ ಎದುರಿಗೆ ಕೂತು ನೋಡಿದವಳಿಗೆ ಕಂಬ ಅಂದರೆ ಎಡಕ್ಕೆ ಮೊಗ್ಗು, ಬಲಕ್ಕೆ ಬಿಂದಿಗೆ. ಕಣ್ಣಿಗೆ ಹಾಗೇ ರೂಢಿ. ಈಗ ಅವರ ಜಾಗದಲ್ಲಿ ನಿಂತು, ಚೌಕವನ್ನು ಅವರ ಹಾಗೆ ಎಡಕ್ಕೆ ಹಾಕಿ, ಮೊಗ್ಗನ್ನು ನನ್ನ ರೂಢಿಯ ಹಾಗೆ ಎಡದಿಂದಲೇ ಶುರು ಮಾಡಿದ್ದೆ. ಉಳಿ ಹಿಡಿದು ಕಲಿತವರು ಯಾರೂ ಈ ತಪ್ಪು ಮಾಡುವುದಿಲ್ಲ. ಎದುರಿಗೆ ಕೂತು ಹಗ್ಗ ಎಳೆದವಳು ಮಾತ್ರ ಮಾಡುತ್ತಾಳೆ.

ಕಂಬವನ್ನು ಒಳಗೆ ಒಯ್ದು ಅವರ ಮಂಚದ ಮೇಲಿಟ್ಟೆ. ಅವರು ಎಡಗೈಯಲ್ಲಿ ಚೌಕದಿಂದ ತುದಿಯವರೆಗೆ ತಡವಿದರು. ಬೆರಳು ಮೊಗ್ಗಿನ ಮೇಲೆ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ನಗತೊಡಗಿದರು. ಲಕ್ವಾ ಹೊಡೆದ ಮೇಲೆ ಮೊದಲ ಸಲ ನಕ್ಕದ್ದು. ನಗೆ ಒಂದೇ ಕಡೆಗೆ ಬರುತ್ತಿತ್ತು. ಎಂಜಲು ಸೋರಿತು, ಸೆರಗಿನಿಂದ ಒರೆಸಿದೆ.

"ನಗ್ರಿ, ನಗ್ರಿ. ಸೋಮವಾರ ಲೇತ್ ಹೋಗ್ತೈತೆ. ಆಗ್ಲೂ ನಗ್ರಿ."

ಅವರು ನಿಧಾನವಾಗಿ, ಒಂದೊಂದೇ ಮಾತು ಎತ್ತಿ ಇಟ್ಟ ಹಾಗೆ ಹೇಳಿದರು: "ಕೈ... ಚಲೋ ಐತೆ. ತಲೆ... ಹಿಂದ್ಮುಂದ್ ಐತೆ. ತಲೆ... ಸರಿ ಮಾಡಬೌದು."

ಹೊಗಳಿಕೆ ಅಂದರೆ ಅವರಿಗೆ ಅಷ್ಟೇ. ಅವರು ಬೈದಿದ್ದರೆ ನಾನು ಆ ದಿನವೇ ಉಳಿ ಕಟ್ಟಿಡುತ್ತಿದ್ದೆ. ಬೈಯಲು ಹಕ್ಕಿತ್ತು, ಅಭ್ಯಾಸವೂ ಇತ್ತು, ಬೈಯಲಿಲ್ಲ. ಆ ಒಂದು ಉಪಕಾರವನ್ನು ನಾನು ಅವರಿಗೆ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಶನಿವಾರ ನಾಲ್ಕೂ ಕಂಬ ಗೋಣಿಚೀಲದಲ್ಲಿ ಕಟ್ಟಿಕೊಂಡು ಹರಿಹರದ ಬಸ್ ಹತ್ತಿದೆ. ಬಡಿಗೇರ ಅಂಗಡಿಯ ಮುಂದೆ ತೊಟ್ಟಿಲಿನ ಅಡ್ಡಪಟ್ಟಿ, ತಳದ ಹಲಗೆ ಎಲ್ಲ ಸಿದ್ಧ ಮಾಡಿಕೊಂಡು ಕಂಬದ ದಾರಿ ಕಾಯುತ್ತಿದ್ದ. ಚೀಲ ಬಿಚ್ಚಿದ. ಮೂರು ತೆಗೆದ, ತಲೆಯಾಡಿಸಿದ. ನಾಲ್ಕನೆಯದು ತೆಗೆದ, ಉಲ್ಟಾ ಹಿಡಿದು ನೋಡಿದ.

"ಅಕ್ಕಾರೆ, ಏನಿದು?"

"ಕಂಬ."

"ಕಂಬ ಅಂತ ನನಗೂ ಕಾಣ್ತೈತೆ. ಶೀರ್ಷಾಸನ ಯಾಕ ಹಾಕೈತೆ?"

ಆದದ್ದು ಹೇಳಿದೆ. ಅವನಿಗೂ ನಗು ಬಂತು. ಆಮೇಲೆ ನಗು ನಿಂತಿತು, ಯಾಕೆಂದರೆ ತೊಟ್ಟಿಲು ಸೋಮವಾರ ಬೆಳಿಗ್ಗೆ ಬೀಗರ ಮನೆಗೆ ಹೊರಡಬೇಕಿತ್ತು. ಬೇರೆ ತುಂಡು ಕೊಡು, ರಾತ್ರಿಯೊಳಗೆ ಕಡೆದು ಕೊಡುತ್ತೇನೆ ಅಂದೆ. ಅದೇ ಮರದ್ದು ಇಲ್ಲ ಅಂದ. ಬೇರೆ ಮರ ಹಾಕಿದರೆ ಬಣ್ಣ ಬೇರೆ ಬರುತ್ತದೆ, ಕುರುಡನಿಗೂ ಕಾಣುತ್ತದೆ ಅಂದ. ಹೊಸದು ತರಿಸಲು ಎಂಟು ದಿನ ಬೇಕು.

"ಹಿಂದಿನ ಮೂಲೆಗೆ ಕೂಡಿಸಿಬಿಡ್ಲಾ?" ಎಂದು ಅವನೇ ಕೇಳಿದ.

"ತೊಟ್ಟಿಲಿಗೆ ಹಿಂದೆ ಯಾವುದಪ್ಪಾ? ನಾಲ್ಕೂ ಕಡೆಯಿಂದ ನೋಡ್ತಾರೆ."

ಅವನು ತಲೆ ಕೆರೆದುಕೊಂಡ. ಕಂಬದ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದ. "ಒಂದು ಮಾತು ಹೇಳ್ಲಾ? ತೂಗು ಹಾಕೋ ಸರಪಳಿ ಕೊಂಡಿ ಬಡಿಯಾಕೆ ಮೊಗ್ಗಿನ ಚೂಪಿಗಿಂತ ಬಿಂದಿಗೆ ತಳಾನೇ ಗಟ್ಟಿ. ಕೆಲಸಕ್ಕೆ ಮೋಸ ಇಲ್ಲ. ನೋಟಕ್ಕೆ ಮಾತ್ರ ತಪ್ಪು. ನಾ ಜೋಡಿಸ್ತೀನಿ. ಆದ್ರೆ ಆ ಮನೆ ಯಜಮಾನಿಗೆ ನಾ ಏನೂ ಹೇಳಲ್ಲ. ನಾಳೆ ನೀವೇ ಬಂದು ನಿಮ್ಮ ಬಾಯಿಂದ ಹೇಳ್ರಿ. ಅವರು ಬ್ಯಾಡ ಅಂದ್ರೆ ಅಲ್ಲಿಗೆ ಮುಗೀತು."

ಆಗ ನನಗೆ ಅವನ ಮೇಲೆ ಸಿಟ್ಟು ಬಂದಿತ್ತು. ತಾನು ಜಾರಿಕೊಳ್ಳುತ್ತಾನೆ ಅಂದುಕೊಂಡೆ. ಈಗ ಅನ್ನಿಸುವುದು ಬೇರೆ. ಅವನು ಆ ಕಂಬವನ್ನು ಗರಗಸಕ್ಕೆ ಕೊಟ್ಟು, ಇನ್ನು ಮೇಲೆ ಹೆಂಗಸಿನ ಕೈಗೆ ಕೆಲಸ ಕೊಡುವುದಿಲ್ಲ ಅಂದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವನು ನನ್ನನ್ನು ಕೆಲಸಗಾರ್ತಿಯ ಹಾಗೆ ನೋಡಿದ. ಮಾಡಿದವರು ಬಂದು ಹೇಳಬೇಕು ಅಂದ. ಗಂಡಸು ಕೆಲಸಗಾರನಿಗೂ ಅದನ್ನೇ ಅನ್ನುತ್ತಿದ್ದ.

ಭಾನುವಾರ ಲಗೇಜ್ ಆಟೊದಲ್ಲಿ ತೊಟ್ಟಿಲು ಹರಿಹರದಿಂದ ಬಂತು. ನಾನು ಎಂ.ಸಿ.ಸಿ. ಬಡಾವಣೆಯ ಆ ಮನೆಯ ಗೇಟಿನ ಹತ್ತಿರ ಕಾದು ನಿಂತಿದ್ದೆ. ಹೊರಗೆ ನೆಂಟರ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಬಡಿಗೇರ ತೊಟ್ಟಿಲನ್ನು ಜಗುಲಿಯ ಮೇಲೆ ಇಳಿಸಿದ. ಯಜಮಾನಿ ಹೊರಗೆ ಬಂದರು. ಬಾಣಂತಿಯ ತಾಯಿ ಅವರು, ಹೆಚ್ಚುಕಡಿಮೆ ನನ್ನ ವಯಸ್ಸು, ನನಗಿಂತ ಜೋರು ದನಿ.

"ಬಂದ್ರೇನ್ರಿ ಬಡಿಗೇರೆ! ನಾ ನನ್ನ ಮೊಮ್ಮಗ ಕಾಲೇಜಿಗೆ ಹೋಗೋ ಹೊತ್ತಿಗೆ ತರ್ತೀರಿ ಅನ್ಕಂಡಿದ್ದೆ."

ಬಡಿಗೇರ ನನ್ನ ಕಡೆ ನೋಡಿದ. ನಾನು ಮುಂದೆ ಹೋದೆ.

"ಅವ್ವಾರೆ, ಈ ಕಂಬ ತಪ್ಪೈತ್ರಿ. ಮೂರು ಸರಿ ಅದಾವು, ಇದು ತಲೆಕೆಳಗಾಗೈತೆ. ಬಿಂದಿಗೆ ಬೋರಲು ಬಿದ್ದೈತೆ. ಕಡೆದವಳು ನಾನೇ."

ಅವರು ಬಗ್ಗಿ ನೋಡಿದರು. ನಾನು ಹೇಳದಿದ್ದರೆ ಆ ಕ್ಷಣಕ್ಕೆ ಕಾಣುತ್ತಿತ್ತೋ ಇಲ್ಲವೋ. ಹೇಳಿದ ಮೇಲೆ ಮನೆಯವರೆಲ್ಲರಿಗೂ ಕಂಡಿತು. ನೆಂಟರ ಪೈಕಿ ಒಬ್ಬಳು "ಅಯ್ಯ, ಬೋರಲು ಬಿಂದಿಗೆ ಕೂಸಿಗೆ ಒಳ್ಳೇದಲ್ಲ" ಅಂದಳು.

"ನೀ ಸುಮ್ನಿರೆ ಮಾರಾಯ್ತಿ," ಅಂದರು ಯಜಮಾನಿ. ನನ್ನ ಕಡೆ ತಿರುಗಿದರು. "ಹೆಂಗಸರು ಲೇತ್ ಹಿಡೀತಾರಾ?"

"ಹಿಡಿದೀನಿ. ಯಜಮಾನ್ರಿಗೆ ಲಕ್ವಾ ಹೊಡೆದೈತೆ. ಮೂರು ಅವರು ಕಡೆದದ್ದು, ಇದೊಂದು ನಂದು. ನಂದು ಮೊದಲ್ನೇದು."

"ಇದು ಬೀಗರ ಮನೆಗೆ ಹೋಗೋ ತೊಟ್ಟಿಲು. ಎಸ್.ಎಸ್. ಬಡಾವಣೆಗೆ. ನಮ್ಮ ಬೀಗಿತಿ ಚಮಚ ಸಮೇತ ಎಣಿಸಿ ಇಟ್ಕಳೋಳು. ಕನ್ನಡಕ ಹಾಕ್ಕಂಡು ಇದನ್ನೇ ಮೊದ್ಲು ನೋಡ್ತಾಳೆ. ಅವಳಿಗೆ ಏನಂತ ಹೇಳ್ಲಿ?"

"ನನಗೆ ಗೊತ್ತಿಲ್ರಿ. ಬ್ಯಾಡ ಅಂದ್ರೆ ವಾಪಸ್ ತಗಂಡು ಹೋಗ್ತೀವಿ. ಮುಚ್ಚಿಟ್ಟು ಕೊಡಬಾರದು ಅಂತ ಬಂದೆ."

ಅವರು ಬೇಡ ಅಂದರೆ ಲೇತ್ ಹೋಯಿತು. ನನಗೆ ಅದು ಗೊತ್ತು, ಅವರಿಗೆ ಗೊತ್ತಿಲ್ಲ. ಹೇಳಬೇಕು ಅನ್ನಿಸಿತು. ಹೇಳಿದರೆ ಬೇಡಿದ ಹಾಗಾಗುತ್ತದೆ ಎಂದು ಬಾಯಿ ಬಿಗಿ ಹಿಡಿದೆ.

ಅವರು ತೊಟ್ಟಿಲನ್ನು ಹಿಡಿದು ಜಗ್ಗಿ ನೋಡಿದರು. ಒಂದೊಂದು ಕಂಬವನ್ನೂ ಅಂಗೈಯಿಂದ ಸವರಿದರು. ನನ್ನ ಕಂಬದ ಹತ್ತಿರ ಎರಡು ಸಲ ಸವರಿದರು.

"ಆ ಮೂರಕ್ಕಿಂತ ಇದೇ ನುಣುಪು ಐತಲ್ಲ."

"ಇಲ್ರಿ. ಅವರ ಕೆಲಸಕ್ಕಿಂತ ನುಣುಪು ಅನ್ಬ್ಯಾಡ್ರಿ, ಸುಳ್ಳಾಗ್ತೈತೆ."

ಬಡಿಗೇರ ಹಿಂದಿನಿಂದ ನನ್ನ ಸೆರಗು ಎಳೆಯುವುದೊಂದು ಬಾಕಿ. ಯಜಮಾನಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಸಂಬಂಧವೇ ಇಲ್ಲದ ಮಾತು ಕೇಳಿದರು: "ನಿಮ್ಮ ಓಣಿಗೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ?"

"ಬಿಟ್ಟಾಗ ಬರ್ತೈತ್ರಿ."

"ನಮಗೂ ಹಂಗೇ. ಬೀಗರಿಗೂ ಹಂಗೇ." ಅವರು ನೆಂಟರ ಕಡೆ ತಿರುಗಿದರು. "ಬೀಗಿತಿ ಕೇಳಿದ್ರೆ ನಾ ಹೇಳ್ತೀನಿ. ಮೂರು ಬಿಂದಿಗೆ ತುಂಬಿ ಇಟ್ಟೀವಿ, ಒಂದು ತೊಳೆದು ಬೋರಲು ಹಾಕೀವಿ. ನಾಲ್ಕೂ ತುಂಬಿಟ್ರೆ ನಾಳೆ ನಲ್ಲಿ ಬಂದಾಗ ಯಾತರಾಗೆ ಹಿಡೀತೀಯೇ ನಮ್ಮವ್ವಾ, ಅಂತ."

ಜಗುಲಿಯ ಮೇಲಿದ್ದವರೆಲ್ಲ ನಕ್ಕರು. ಒಳ್ಳೆಯದಲ್ಲ ಅಂದವಳೂ ನಕ್ಕಳು. ನಾನು ನಗಲಿಲ್ಲ, ಕಟ್ಟೆಯ ಮೇಲೆ ಕೂತೆ. ನಿಜ ಅಂದರೆ ಅವರು ಹೇಳಿದ್ದು ಸುಳ್ಳೂ ಅಲ್ಲ. ಯಾವ ಮನೆಯ ಅಡಿಗೆ ಕಟ್ಟೆಯ ಮೇಲೆ ಬೋರಲು ಬಿಂದಿಗೆ ಇಲ್ಲ? ದಿನಾ ನಾನೇ ಹಾಕುತ್ತೇನೆ. ನನಗೆ ಹೊಳೆದಿರಲಿಲ್ಲ.

ಅವರು ಅರಿಶಿನ ಕುಂಕುಮ ತಂದು ನಾಲ್ಕೂ ಕಂಬಕ್ಕೆ ಹಚ್ಚಿದರು. ನನ್ನದನ್ನು ಬಿಡುತ್ತಾರೇನೋ ಎಂದು ನೋಡುತ್ತಿದ್ದೆ, ಬಿಡಲಿಲ್ಲ. ನನ್ನನ್ನು ಒಳಗೆ ಕರೆದು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಬಾಣಂತಿ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟಳು. ಅದು ಉಚ್ಚೆ ಹೊಯ್ದಿತು. ಹೊರಡುವಾಗ ಯಜಮಾನಿ ಗೇಟಿನವರೆಗೆ ಬಂದರು.

"ಇವನು ಎದ್ದು ನಿಲ್ಲೋ ಹೊತ್ತಿಗೆ ಹಿಡ್ಕಂಡು ನಡೆಯಾಕೆ ಮೂರು ಗಾಲಿ ಗಾಡಿ ಬೇಕು. ನೀವೇ ಮಾಡ್ರಿ. ಗಾಲಿ ಮಾತ್ರ ಬೋರಲು ಮಾಡ್ಬ್ಯಾಡ್ರಿ."

"ಗಾಲಿಗೆ ತಲೆ ಕಾಲು ಇಲ್ರಿ. ನನಗೆ ಅದೇ ಸರಿ," ಅಂದೆ.

ಮನೆಗೆ ಬಂದು ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ. ನುಣುಪಿನ ಮಾತು ಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ನಿದ್ದೆ ಬಂತೇನೋ ಅಂದುಕೊಂಡೆ. "ಗಾಲಿಗೆ... ಹಾಲೆ ಮರ ತರಿಸು," ಅಂದರು. ಮರುದಿನ ಬೆಳಿಗ್ಗೆ ಅವರನ್ನು ಗೋಡೆ ಹಿಡಿಸಿ, ಹೆಗಲು ಕೊಟ್ಟು, ಶೆಡ್ಡಿಗೆ ತಂದು ಕುರ್ಚಿಯ ಮೇಲೆ ಕೂರಿಸಿದೆ. ಕೋಣೆಯಿಂದ ಶೆಡ್ಡಿಗೆ ಇಪ್ಪತ್ತು ಹೆಜ್ಜೆ. ಅರ್ಧ ಗಂಟೆ ಹಿಡಿಯಿತು. ಬೈದುಕೊಂಡೇ ಬಂದರು.

ಮಲೆಬೆನ್ನೂರಿನ ಅಂಗಡಿಯವರು ಹನ್ನೊಂದರ ಹೊತ್ತಿಗೆ ಬಂದರು, ಹೇಳಿದ ಮಾತಿನಂತೆ ಗಾಡಿ ತಂದಿದ್ದರು. ಜೊತೆಗೆ ಮೈದುನ. ನಾನು ಒಂದು ಕಡಗೋಲು ಕಡೆಯುತ್ತಿದ್ದೆ.

"ಅತ್ತಿಗೆ, ಸ್ವಲ್ಪ ಮಷೀನ್ ನಿಲ್ಲಿಸ್ರಿ. ಇವರು ನೋಡ್ಬೇಕಂತೆ."

"ನಿಲ್ಸಾಕೆ ಆಗಲ್ಲ, ಅರ್ಧಕ್ಕೈತೆ. ಕೂಡ್ರಿ. ತೊಟ್ಟಿಲು ಒಪ್ಪಿ ತಗಂಡ್ರು."

"ಖರೇನಾ?"

"ಉಡಿ ತುಂಬಿ ಕಳಿಸ್ಯಾರೆ. ಒಳಗೆ ಕೊಬ್ಬರಿ ಬಟ್ಲು ಐತೆ, ನೋಡು ಹೋಗು."

ಮೈದುನ ಒಳಗೆ ಹೋಗಿ ನೋಡಲಿಲ್ಲ. ಅಣ್ಣನ ಕಡೆ ನೋಡಿದ. ಅಣ್ಣ ಕುರ್ಚಿಯ ಮೇಲೆ, ಲೇತಿನ ಪಕ್ಕ, ಮಂಚ ಬಿಟ್ಟು ಹೊರಗೆ ಕೂತಿದ್ದಾರೆ ಎಂಬುದು ಅವನ ಕಣ್ಣಿಗೆ ಆಗ ಬಿತ್ತು. ಅವನ ಬಾಯಿ ಮುಚ್ಚಿತು. ಮಾತು ಕೊಟ್ಟಿದ್ದನಲ್ಲ, ಅದಕ್ಕೋ, ಬೇರೆ ಯಾತಕ್ಕೋ. ಅಂಗಡಿಯವರನ್ನು ಕರೆದುಕೊಂಡು ಮೂಲೆಗೆ ಹೋಗಿ ಮೆಲ್ಲಗೆ ಮಾತಾಡಿದ. ಅವರು ಮುಖ ಸಣ್ಣ ಮಾಡಿದರು, ಅಷ್ಟು ದೂರದಿಂದ ಗಾಡಿ ಮಾಡಿಕೊಂಡು ಬಂದವರು, ಬೇಸರ ಸಹಜ. ನಾನು ಚಹಾ ಇಟ್ಟೆ. ಕುಡಿದರು. ಸಿಟ್ಟಿನ ಮಾತು ಒಂದೂ ಆಡಲಿಲ್ಲ, ಅದಕ್ಕೆ ಅವರಿಗೂ ನಾನು ಋಣಿ. ಹೊರಡುವಾಗ ಶೆಡ್ಡಿನ ಮೂಲೆಯಲ್ಲಿ ರಾಶಿ ಬಿದ್ದಿದ್ದ ಕಟ್ಟಿಗೆ ಸಿಪ್ಪೆಯನ್ನು ತೋರಿಸಿ, ಇದನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಅವರ ಅಣ್ಣತಮ್ಮಂದಿರ ಪೈಕಿ ಯಾರದೋ ಕೋಳಿ ಫಾರಂ ಇದೆಯಂತೆ, ಕೋಳಿಗಳ ಕೆಳಗೆ ಹಾಸಲು ಬೇಕಂತೆ.

ಮೈದುನ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಗೋಣಿಚೀಲ ಹುಡುಕಿ ತಂದು ಸಿಪ್ಪೆ ತುಂಬತೊಡಗಿದ. ಒಂಬತ್ತು ದಿನ ನಾನು ಕೆಡಿಸಿದ ಬೇವು, ಕೆಟ್ಟೂ ಕೆಡದ ಸಾಗವಾನಿ, ಎಲ್ಲ ಅದರಲ್ಲೇ ಇತ್ತು. ಲೇತ್ ಒಯ್ಯಲು ಬಂದ ಗಾಡಿ ಆರು ಚೀಲ ಸಿಪ್ಪೆ ಹೇರಿಕೊಂಡು ಮಲೆಬೆನ್ನೂರಿಗೆ ಹೋಯಿತು. ನಾನು ಕೈ ಒರೆಸಿಕೊಂಡು ಮೋಟಾರು ಹಾಕಿದೆ.

"ಸಾಣೆ!" ಅಂದರು ನಮ್ಮ ಯಜಮಾನರು, ಪಕ್ಕದಲ್ಲೇ ಕೂತು.